ಹುರುಳಿಕಾಳು ಗುರುತು ಹಿಡಿಯುವ ಸಕ್ಕರೆ

ಹುರುಳಿ ಬಡವರ ಕಾಳು. ಮಳೆ ಕೈಕೊಟ್ಟ ವರ್ಷ, ಬಿತ್ತಿದ ಶೇಂಗಾ ಒಣಗಿಹೋದ ಮೇಲೆ, ಹಿಂಗಾರಿನ ನಾಲ್ಕು ಹನಿ ನಂಬಿ ನಮ್ಮ ರೈತರು ಕಡೆಗೆ ಹೊಲಕ್ಕೆ ಚೆಲ್ಲುವುದು ಹುರುಳಿಯನ್ನೇ. ಪಕ್ಕದ ತೆಲುಗರು ಉಲವಲು ಎಂದು ಕರೆದು ಚಾರು ಕಾಯಿಸುತ್ತಾರೆ. ನಾವು ಕಟ್ಟು ಬಸಿದು ಸಾರು ಮಾಡುತ್ತೇವೆ. ಬೆಂದ ಕಾಳಿನಲ್ಲಿ ಒಂದು ಪಾಲು ಎತ್ತುಗಳ ಬಾನಿಗೂ ಹೋಗುತ್ತದೆ. ಇದೇ ಹುರುಳಿ ದೊಡ್ಡ ಆಸ್ಪತ್ರೆಗಳ ರಕ್ತನಿಧಿಯಲ್ಲಿ ಸಣ್ಣ ಸೀಸೆಯೊಳಗೆ, ಫ್ರಿಜ್ಜಿನಲ್ಲಿ, ಬೆಲೆಬಾಳುವ ಪರೀಕ್ಷಾ ದ್ರವವಾಗಿ ಕುಳಿತಿದೆ ಎಂದರೆ ಹಲವರು ನಂಬಲಿಕ್ಕಿಲ್ಲ. ಆದರೆ ಅದು ನಿಜ. ಸೀಸೆಯ ಮೇಲೆ ಇಂದಿಗೂ 'ಡೋಲಿಕಸ್ ಬೈಫ್ಲೋರಸ್' ಎಂದೇ ಬರೆದಿರುತ್ತದೆ. ಅದು ಹುರುಳಿಗೆ ಸಸ್ಯಶಾಸ್ತ್ರಜ್ಞರು ಹಿಂದೆ ಇಟ್ಟಿದ್ದ ಹೆಸರು.

ರಕ್ತದಲ್ಲಿ ಎ, ಬಿ, ಎಬಿ, ಓ ಎಂಬ ಗುಂಪುಗಳಿವೆ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ವಿಯೆನ್ನಾದ ವೈದ್ಯ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಇದರ ಮೂಲವನ್ನು ಕಂಡುಹಿಡಿದರು. ಎ ಗುಂಪಿನೊಳಗೇ ಎ1, ಎ2 ಎಂಬ ಒಳಗುಂಪುಗಳೂ ಇವೆ. ಹಸಿ ಹುರುಳಿಯನ್ನು ಬೀಸಿ, ಉಪ್ಪುನೀರಿನಲ್ಲಿ ನೆನೆಸಿ, ಸೋಸಿ, ತಕ್ಕಷ್ಟು ತೆಳ್ಳಗೆ ಮಾಡಿದ ತಿಳಿಯ ಒಂದು ಹನಿಯನ್ನು ಎ1 ರಕ್ತದ ಕಣಗಳಿಗೆ ಬೆರೆಸಿದರೆ, ಅವು ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತವೆ. ಎ2, ಬಿ, ಓ ರಕ್ತಕ್ಕೆ ಬೆರೆಸಿದರೆ ಏನೂ ಆಗುವುದಿಲ್ಲ. ಇದನ್ನು ಕಂಡವರು ಭಾರತದ ಸೇನಾ ವೈದ್ಯಕೀಯ ಸೇವೆಯಲ್ಲಿದ್ದ ಜಿ. ಡಬ್ಲ್ಯು. ಜಿ. ಬರ್ಡ್ ಎಂಬ ವೈದ್ಯರು. 1951ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅವರು ಅದನ್ನು ಪ್ರಕಟಿಸಿದರು. ಎತ್ತಿನ ಮೇವಿನಲ್ಲಿ ಇಂಥ ಸೂಕ್ಷ್ಮ ಅಡಗಿದೆಯೆಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ.

ಹುರುಳಿಗೆ ಕಣ್ಣಿಲ್ಲ, ಮೂಗಿಲ್ಲ. ಒಬ್ಬರ ರಕ್ತವನ್ನು ಇನ್ನೊಬ್ಬರ ರಕ್ತದಿಂದ ಅದು ಬೇರೆ ಮಾಡುವುದಾದರೂ ಹೇಗೆ?

ನಮ್ಮ ಮೈಯ ಪ್ರತಿಯೊಂದು ಜೀವಕೋಶದ ಹೊರಮೈಯಲ್ಲೂ ಸಕ್ಕರೆಯ ಸಣ್ಣ ಸಣ್ಣ ಸರಗಳು ನೇತಾಡುತ್ತವೆ. ಸಕ್ಕರೆ ಎಂದೊಡನೆ ನಮ್ಮ ಹಿರಿಯರು ಸಕ್ಕರೆ ಕಾಯಿಲೆಯ ಮಾತೆಂದು ಗಾಬರಿಯಾಗುವುದು ಬೇಡ. ಚಹಾಕ್ಕೆ ಹಾಕುವ ಸಕ್ಕರೆ, ರಕ್ತದಲ್ಲಿ ಏರಿಳಿಯುವ ಸಕ್ಕರೆ ಬೇರೆ. ಕೋಶದ ಮೇಲೆ ಬೆಸೆದುಕೊಂಡಿರುವ ಈ ಸರ ಬೇರೆ. ಗ್ಯಾಲಕ್ಟೋಸ್ (ಹಾಲಿನ ಸಕ್ಕರೆಯ ಅರ್ಧ ಭಾಗ ಇದೇ), ಮ್ಯಾನೋಸ್, ಫ್ಯೂಕೋಸ್, ಸಯಾಲಿಕ್ ಆಮ್ಲ, ಹೀಗೆ ಕೆಲವೇ ಬಗೆಯ ಮಣಿಗಳನ್ನು ನಾನಾ ಕ್ರಮದಲ್ಲಿ ಪೋಣಿಸಿದ ಸರಗಳು ಅವು. ಎ ಗುಂಪಿನವರ ಕೆಂಪು ಕಣಗಳ ಮೇಲಿನ ಸರದ ತುದಿಯಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಎಂಬ ಮಣಿ ಇರುತ್ತದೆ. ಬಿ ಗುಂಪಿನವರಲ್ಲಿ ಅದೇ ಜಾಗದಲ್ಲಿ ಬರೀ ಗ್ಯಾಲಕ್ಟೋಸ್. ಓ ಗುಂಪಿನವರಲ್ಲಿ ಎರಡೂ ಇಲ್ಲ. ಒಂದು ಮಣಿಯ ವ್ಯತ್ಯಾಸ ಅಷ್ಟೇ, ಆದರೆ ತಪ್ಪು ರಕ್ತ ಏರಿಸಿದರೆ ಮನುಷ್ಯ ಉಳಿಯುವುದು ಕಷ್ಟ. ಹುರುಳಿಯಲ್ಲಿರುವ ಒಂದು ಪ್ರೋಟೀನು ಎ ಗುಂಪಿನ ಆ ಕೊನೆಯ ಮಣಿಯನ್ನೇ ಹುಡುಕಿ ಹಿಡಿಯುತ್ತದೆ. ಎ1 ಕಣದ ಮೇಲೆ ಅಂಥ ಮಣಿಗಳು ದಟ್ಟವಾಗಿವೆ, ಎ2ರ ಮೇಲೆ ವಿರಳ. ಆದ್ದರಿಂದಲೇ ತಿಳಿಯನ್ನು ತೆಳ್ಳಗೆ ಮಾಡಿದಾಗ ಎ1 ಮಾತ್ರ ಗಂಟಾಗುತ್ತದೆ. ಆ ಪ್ರೋಟೀನಿಗೆ ಒಂದಕ್ಕಿಂತ ಹೆಚ್ಚು ಕೈಗಳಿವೆ. ಒಂದು ಕೈ ಈ ಕಣವನ್ನು, ಇನ್ನೊಂದು ಪಕ್ಕದ ಕಣವನ್ನು ಹಿಡಿದಾಗ ಕಣಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ.

ಹೀಗೆ ಸಕ್ಕರೆಯನ್ನು ಆರಿಸಿ ಹಿಡಿಯುವ ಪ್ರೋಟೀನುಗಳಿಗೆ ಅಮೆರಿಕದ ವಿಲಿಯಂ ಬಾಯ್ಡ್ ಮತ್ತು ಎಲಿಜಬೆತ್ ಶೇಪ್ಲಿ 1954ರಲ್ಲಿ 'ಲೆಕ್ಟಿನ್' ಎಂಬ ಹೆಸರಿಟ್ಟರು. ಸೆಮಿನರಿಯಲ್ಲಿ ಲ್ಯಾಟಿನ್ ವ್ಯಾಕರಣ ಉರುಹೊಡೆದ ನಮಗೆ ಈ ಹೆಸರು ಹಿಡಿಸಿತು. 'ಲೆಗೆರೆ' ಎಂಬ ಕ್ರಿಯಾಪದಕ್ಕೆ ಓದು ಎಂಬ ಅರ್ಥವೂ ಇದೆ, ಆರಿಸು ಎಂಬ ಅರ್ಥವೂ ಇದೆ. ಮರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುವ ತಾಯಂದಿರ ಕೆಲಸಕ್ಕೆ ರೋಮನರು ಬಹುಶಃ ಈ ಪದವನ್ನೇ ಬಳಸುತ್ತಿದ್ದರು.

ಯಾವ ಪ್ರೋಟೀನು ಯಾವ ಸಕ್ಕರೆಯನ್ನು ಹಿಡಿಯುತ್ತದೆ ಎಂದು ತಿಳಿಯುವ ಉಪಾಯ ಬಹಳ ಸರಳ, ಅದಕ್ಕೇ ಅದು ಜಾಣತನದ್ದು. ರಕ್ತದ ಹನಿಗೆ ಕಾಳಿನ ತಿಳಿ ಹಾಕುವ ಮುಂಚೆ, ಆ ತಿಳಿಗೆ ಒಂದು ಸಕ್ಕರೆಯನ್ನು ಕರಗಿಸಿ ಬಿಡುವುದು. ಪ್ರೋಟೀನಿನ ಕೈಗೆ ಬೇಕಾದ ಸಕ್ಕರೆ ಅದೇ ಆಗಿದ್ದರೆ ಕೈ ಆಗಲೇ ತುಂಬಿಹೋಗುತ್ತದೆ, ರಕ್ತಕಣ ಹಿಡಿಯಲು ಬಿಡುವಿರುವುದಿಲ್ಲ, ಗಂಟಾಗುವುದು ನಿಲ್ಲುತ್ತದೆ. ಬೇರೆ ಸಕ್ಕರೆಯಾದರೆ ಗಂಟು ಆಗಿಯೇ ಆಗುತ್ತದೆ. ಒಂದೊಂದೇ ಸಕ್ಕರೆ ಹಾಕಿ ನೋಡುತ್ತ ಹೋದರೆ ಕಡೆಗೆ ಬೀಗಕ್ಕೆ ತಕ್ಕ ಕೀಲಿಕೈ ಸಿಗುತ್ತದೆ. 1950ರ ದಶಕದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಈ ಮಾರ್ಗದಿಂದಲೇ ರಕ್ತದ ಗುಂಪು ಎಂದರೆ ಸಕ್ಕರೆಯ ವ್ಯತ್ಯಾಸ ಎಂಬುದನ್ನು ಬಿಡಿಸಿ ತೋರಿಸಿದರು. ಅದಕ್ಕೆ ಅವರು ಬಳಸಿದ ಸಾಮಗ್ರಿಯಲ್ಲಿ ಗಿಡಗಳ ಬೀಜದ ತಿಳಿಗೂ ಪಾಲಿದೆ.

ಈ ಕತೆ ಆರಂಭವಾದದ್ದು ಮಾತ್ರ ವಿಷದಿಂದ, ಅದೂ ನಮ್ಮ ಹೊಲದ ಬದುವಿನಲ್ಲೇ ಬೆಳೆಯುವ ಗಿಡದ ವಿಷದಿಂದ. 1888ರಲ್ಲಿ ಈಗಿನ ಎಸ್ಟೋನಿಯಾ ದೇಶದ ಡೋರ್ಪಾಟ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಹರ್ಮನ್ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ ಹರಳು ಬೀಜದ ಸಾರವನ್ನು ರಕ್ತಕ್ಕೆ ಹಾಕಿ, ಕಣಗಳು ಗಂಟಾಗುವುದನ್ನು ಮೊದಲ ಬಾರಿ ಕಂಡ. ಆ ಪ್ರೋಟೀನಿಗೆ ರೈಸಿನ್ ಎಂದು ಹೆಸರಾಯಿತು. ಗುಲಗಂಜಿಯಲ್ಲಿ ಅದರ ತಮ್ಮನಂಥ ಏಬ್ರಿನ್ ಇದೆ. ಜರ್ಮನಿಯ ಪಾಲ್ ಎರ್ಲಿಖ್ ಇವೆರಡನ್ನೂ ಇಲಿಗಳಿಗೆ ಅತಿ ಸ್ವಲ್ಪದಿಂದ ಆರಂಭಿಸಿ ಕೊಡುತ್ತ ಹೋಗಿ, ಅವುಗಳಲ್ಲಿ ವಿಷ ತಡೆಯುವ ಶಕ್ತಿ ಹುಟ್ಟುವುದನ್ನೂ, ಆ ಶಕ್ತಿ ತಾಯಿಯ ಹಾಲಿನಿಂದ ಮರಿಗೆ ದಾಟುವುದನ್ನೂ 1890ರ ದಶಕದ ಆರಂಭದಲ್ಲಿ ತೋರಿಸಿದರು. ಲಸಿಕೆ ಕೆಲಸ ಮಾಡುವ ಬಗೆಯನ್ನು ಅರಿಯಲು ಹರಳುಬೀಜ, ಗುಲಗಂಜಿ ಎರಡೂ ನೆರವಾದವು.

ರೈಸಿನ್ ಕೊಲ್ಲುವ ಬಗೆಯನ್ನು ತಿಳಿದರೆ ಸಕ್ಕರೆ ಗುರುತಿಸುವುದರ ಮಹತ್ವ ಮನಸ್ಸಿಗೆ ಇಳಿಯುತ್ತದೆ. ಅದಕ್ಕೆ ಎರಡು ತುಂಡುಗಳಿವೆ. ಒಂದು ತುಂಡು ಕೋಶದ ಮೇಲಿನ ಗ್ಯಾಲಕ್ಟೋಸ್ ಮಣಿಯನ್ನು ಹಿಡಿದುಕೊಳ್ಳುತ್ತದೆ, ಕೋಶ ಅದನ್ನು ತನ್ನದೇ ಸರಕೆಂದು ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಎರಡನೆಯ ತುಂಡು ಬಿಡಿಸಿಕೊಂಡು ಕೋಶದಲ್ಲಿ ಪ್ರೋಟೀನು ತಯಾರಾಗುವ ಕಾರ್ಖಾನೆಯನ್ನೇ ನಿಲ್ಲಿಸಿಬಿಡುತ್ತದೆ. ಈ ಕಾರ್ಖಾನೆಯಲ್ಲಿ ಯಾವ ಕೀಲು ಮುರಿಯುತ್ತದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 1987ರಲ್ಲಿ ಕಂಡರು. ಬಾಗಿಲಿನ ಸಕ್ಕರೆಯನ್ನು ಹಿಡಿಯುವ ಮೊದಲ ತುಂಡು ಇಲ್ಲದಿದ್ದರೆ ಎರಡನೆಯದು ಹೊರಗೇ ನಿಂತು ಬಹುಮಟ್ಟಿಗೆ ನಿರುಪಯೋಗಿಯಾಗುತ್ತದೆ.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು. ಹರಳು ಒಣಹಾಕಿದ ಅಂಗಳದಲ್ಲೇ ನಮ್ಮ ಮಕ್ಕಳು ಆಡುತ್ತವೆ. ಗುಲಗಂಜಿಯ ಕೆಂಪು ಬಣ್ಣ, ಕಪ್ಪು ಕಣ್ಣು ನೋಡಿದರೆ ಯಾವ ಮಗುವಿಗೂ ಆಸೆಯಾಗುತ್ತದೆ. ಸರ, ಬಳೆಗಳಿಗೂ ಪೋಣಿಸುತ್ತಾರೆ. ಇಡೀ ಬೀಜ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಎಷ್ಟೋ ಸಲ ಹಾಗೆಯೇ ಹೊರಗೆ ಹೋಗುತ್ತದೆ. ಜಗಿದು ನುಂಗಿದರೆ, ಇಲ್ಲವೆ ತೂತು ಮಾಡಿದ ಬೀಜ ನುಂಗಿದರೆ ಅಪಾಯ. ವಾಂತಿ, ಭೇದಿ, ಹೊಟ್ಟೆನೋವು ಆ ಕೂಡಲೇ ಕಾಣಿಸದೆ ಹಲವು ಗಂಟೆ ಕಳೆದು ಬರಬಹುದು. ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಕಾಯುತ್ತ ಕೂರಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. ಉಳಿದ ಬೀಜವನ್ನು ಕಾಗದದಲ್ಲಿ ಕಟ್ಟಿಕೊಂಡು ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಬೀಜ ಕಣ್ಣಿಗೆ ಬಿದ್ದರೆ ವೈದ್ಯರ ಅರ್ಧ ಕೆಲಸ ಆದಂತೆ. ಈ ವಿಷಕ್ಕೆ ಚುಚ್ಚುಮದ್ದಿನ ಪ್ರತಿವಿಷ ಆಸ್ಪತ್ರೆಗಳಲ್ಲಿ ಇಲ್ಲ, ಹೊತ್ತಿಗೆ ಸರಿಯಾದ ಆರೈಕೆಯೇ ಜೀವ ಉಳಿಸುವುದು. ಹರಳೆಣ್ಣೆಗೆ ಹೆದರಬೇಕಿಲ್ಲ, ರೈಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ. ಅದು ಹಿಂಡಿಯಲ್ಲಿ ಉಳಿಯುತ್ತದೆ. ಗೊಬ್ಬರವೆಂದು ತಂದ ಹರಳು ಹಿಂಡಿಯ ಚೀಲವನ್ನು ಕೊಟ್ಟಿಗೆಯ ಮೂಲೆಯಲ್ಲಿ ಬಾಯಿ ಬಿಚ್ಚಿ ಇಡುವವರು ನಮ್ಮಲ್ಲಿ ಬಹಳ ಮಂದಿ. ದನಕ್ಕೂ ನಾಯಿಗೂ ಅದು ವಿಷವೇ. ಶೇಂಗಾ ಹಿಂಡಿ ಇಡುವ ಜಾಗದಲ್ಲಿ ಹರಳು ಹಿಂಡಿ ಇಡಲೇಬೇಡಿ. ಸಂಜೆಗತ್ತಲಲ್ಲಿ ಕೈತಪ್ಪುವುದು ಒಂದು ನಿಮಿಷದ ಕೆಲಸ.

ಹಾಗಾದರೆ ಹುರುಳಿಯ ಲೆಕ್ಟಿನ್ ಹೊಟ್ಟೆಗೆ ಹೋದರೆ? ಭಯ ಬೇಡ. ಲೆಕ್ಟಿನ್‌ಗಳಲ್ಲಿ ಹೆಚ್ಚಿನವು ಕುದಿಯುವ ನೀರಿನಲ್ಲಿ ಕೆಟ್ಟುಹೋಗುತ್ತವೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಚೆನ್ನಾಗಿ ಬೇಯಿಸುವ ನಮ್ಮ ಅಜ್ಜಿಯರ ಕ್ರಮ, ಎತ್ತಿಗೂ ಬೇಯಿಸಿಯೇ ಇಡುವ ಕ್ರಮ ಎರಡೂ ಸರಿಯಾದವು. ಮೂತ್ರದ ಕಲ್ಲು ಕರಗಲೆಂದು ಹುರುಳಿ ಕಟ್ಟು ಕುಡಿಯುವವರು ಕುದಿಸಿದ್ದನ್ನೇ ಕುಡಿಯಲಿ. ಮೈ ಇಳಿಸಲು ಹಸಿ ಹುರುಳಿ ಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯುವ ಪೇಟೆಯ ಹೊಸ ಹುಚ್ಚನ್ನು ನಾವು ಒಪ್ಪುವುದಿಲ್ಲ. ಇದಕ್ಕಿಂತ ಎಚ್ಚರ ಬೇಕಾದದ್ದು ಕೆಂಪು ರಾಜ್ಮಾ ಕಾಳಿನ ವಿಷಯದಲ್ಲಿ. ಅದು ನಾವು ಪಲ್ಯ ಮಾಡುವ ಹುರುಳಿಕಾಯಿಯ ಕುಲದ್ದೇ ಬೀಜ. ಹೆಸರು ಕೇಳಿ ಹುರುಳಿಯ ನೆಂಟನೆಂದುಕೊಳ್ಳಬೇಡಿ, ಗಿಡವೇ ಬೇರೆ. ಅದರ ಲೆಕ್ಟಿನ್ ಎಷ್ಟು ಚುರುಕೆಂದರೆ ಹಸಿಯ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ, ಆಮೇಲೆ ಭೇದಿ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಬೇಕು. ಮಂದ ಉರಿಯಲ್ಲಿ ಬರೀ ಬಿಸಿ ಮಾಡಿ ಅರ್ಧ ಬೇಯಿಸಿದರೆ ಹಸಿಗಿಂತಲೂ ಹೆಚ್ಚು ಕೆಡುಕಾಗಬಹುದು.

ರಕ್ತದ ಮಾತಿಗೆ ಮರಳೋಣ. 1952ರಲ್ಲಿ ಮುಂಬಯಿಯ ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು ಒಂದು ಹೊಸ ರಕ್ತದ ಗುಂಪನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಈಗ ಅದಕ್ಕೆ ಬಾಂಬೆ ಗುಂಪು ಎಂದೇ ಹೆಸರು. ಎಲ್ಲರ ಕೆಂಪು ಕಣಗಳ ಮೇಲೂ ಎ, ಬಿ ಮಣಿಗಳನ್ನು ಕೂರಿಸಲು ಅಡಿಪಾಯದಂತೆ ಎಚ್ ಎಂಬ ಸರ ಇರುತ್ತದೆ. ಅದರ ಗುರುತು ಫ್ಯೂಕೋಸ್ ಎಂಬ ಸಕ್ಕರೆ. ಓ ಗುಂಪಿನವರಲ್ಲಿ ಈ ಅಡಿಪಾಯ ಧಾರಾಳವಾಗಿದೆ. ಬಾಂಬೆ ಗುಂಪಿನವರಲ್ಲಿ ಅಡಿಪಾಯವೇ ಇಲ್ಲ. ಸಾಧಾರಣ ಪರೀಕ್ಷೆ ಮಾಡಿದರೆ ಎ ಇಲ್ಲ, ಬಿ ಇಲ್ಲ, ಆದ್ದರಿಂದ ಓ ಎಂದು ಚೀಟಿ ಬರೆದುಬಿಡುತ್ತಾರೆ. ಆದರೆ ಅವರಿಗೆ ಓ ರಕ್ತ ಏರಿಸಿದರೆ ಅವರ ಮೈ ಅದನ್ನು ಶತ್ರುವೆಂದು ತಿಳಿದು ನಾಶಮಾಡುತ್ತದೆ, ಪ್ರಾಣಕ್ಕೇ ಕುತ್ತು. ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನ ರಕ್ತವೇ ಆಗಬೇಕು. ಜಗತ್ತಿನ ಬೇರೆಡೆಗಿಂತ ಈ ಗುಂಪು ಭಾರತದಲ್ಲಿ, ಅದರಲ್ಲೂ ಮಹಾರಾಷ್ಟ್ರ, ಕರ್ನಾಟಕದ ಕಡೆಯವರಲ್ಲಿ ಹೆಚ್ಚು ಕಂಡುಬಂದಿದೆ. ರಕ್ತಸಂಬಂಧದೊಳಗಿನ ಮದುವೆ ಇರುವ ಮನೆತನಗಳಲ್ಲಿ ಇದು ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ಓ ಯಾವುದು, ಬಾಂಬೆ ಯಾವುದು ಎಂದು ತಿಳಿಯಲೂ ಒಂದು ಗಿಡದ ಬೀಜವೇ ಬೇಕಾಯಿತು. ಅದು ಗಾರ್ಸ್ ಎಂಬ ಹಳದಿ ಹೂವಿನ ಮುಳ್ಳುಪೊದೆ. ಯೂರೋಪಿನದು, ಬ್ರಿಟಿಷರ ಕಾಲದಲ್ಲಿ ನೀಲಗಿರಿಗೆ ಬಂದು ಅಲ್ಲಿಯ ಹುಲ್ಲುಗಾವಲನ್ನು ಕಳೆಯಾಗಿ ಹಬ್ಬಿಕೊಂಡಿದೆ. ನೀಲಗಿರಿಯ ನಮ್ಮ ಬಡಗ ಬಾಂಧವರು ಶಪಿಸುವ ಈ ಪೊದೆಯ ಬೀಜದ ಲೆಕ್ಟಿನ್ ಎಚ್ ಸರದ ಫ್ಯೂಕೋಸನ್ನು ಹಿಡಿಯುತ್ತದೆ. ಓ ಕಣಗಳು ಗಂಟಾಗುತ್ತವೆ, ಬಾಂಬೆ ಕಣಗಳು ಸುಮ್ಮನಿರುತ್ತವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬಾಂಬೆ ಗುಂಪು ಎಂದು ವೈದ್ಯರು ಹೇಳಿದ್ದರೆ ಅವರ ಒಡಹುಟ್ಟಿದವರೆಲ್ಲ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ಹೆರಿಗೆಗೆ ದಿನ ಹತ್ತಿರ ಬಂದಾಗ ರಕ್ತ ಹುಡುಕುತ್ತ ಅಲೆಯುವುದಕ್ಕಿಂತ ಮೊದಲೇ ಯಾರಲ್ಲಿದೆ ಎಂದು ತಿಳಿದಿರುವುದು ಲೇಸು.

ಇಷ್ಟು ಹೊತ್ತು ಬೀಜಗಳ ಮಾತಾಯಿತು. ಸಕ್ಕರೆ ಹಿಡಿಯುವ ಇಂಥ ಕೈ ನಮ್ಮ ಮೈಯೊಳಗೂ ಇದೆಯೇ? ಇದೆ ಎಂದು ಗೊತ್ತಾದದ್ದು ಒಂದು ವಿಚಿತ್ರ ಸಂಗತಿಯಿಂದ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಗಿಲ್ಬರ್ಟ್ ಆಶ್ವೆಲ್ ಮತ್ತು ಅನಟೋಲ್ ಮೊರೆಲ್ ಎಂಬಿಬ್ಬರು, ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನ ಬೆನ್ನುಹತ್ತಿದ್ದರು. ಅದರ ಮೇಲೂ ಸಕ್ಕರೆಯ ಸರಗಳಿವೆ. ಸರದ ತುದಿಗೆ, ಎತ್ತಿನ ಕೊಂಬಿಗೆ ಹಿತ್ತಾಳೆಯ ಕೋಡಣಸು ಹಾಕಿದ ಹಾಗೆ, ಸಯಾಲಿಕ್ ಆಮ್ಲದ ಮುಚ್ಚಳ ಇರುತ್ತದೆ. ಪ್ರೋಟೀನಿಗೆ ವಿಕಿರಣದ ಗುರುತು ಹಾಕಲೆಂದು ಅವರು ಆ ಮುಚ್ಚಳ ತೆಗೆದು, ಮೊಲದ ರಕ್ತಕ್ಕೆ ಸೇರಿಸಿದರು. ದಿನಗಟ್ಟಲೆ ರಕ್ತದಲ್ಲಿ ಸುತ್ತಬೇಕಾಗಿದ್ದ ಪ್ರೋಟೀನು ಕೆಲವೇ ನಿಮಿಷಗಳಲ್ಲಿ ಮಾಯವಾಯಿತು. ಹುಡುಕಿದರೆ ಎಲ್ಲವೂ ಪಿತ್ತಜನಕಾಂಗದಲ್ಲಿ ಸಿಕ್ಕಿತು. ಮುಚ್ಚಳದ ಕೆಳಗಿನ ಗ್ಯಾಲಕ್ಟೋಸ್ ಮಣಿಯನ್ನೂ ಕಿತ್ತು ಸೇರಿಸಿ ನೋಡಿದರು. ಆಗ ಪ್ರೋಟೀನು ಮೊದಲಿನಂತೆ ರಕ್ತದಲ್ಲೇ ಉಳಿಯಿತು. ಹಾಗಾದರೆ ಪಿತ್ತಜನಕಾಂಗ ನೋಡುತ್ತಿರುವುದು ಬಯಲಾದ ಗ್ಯಾಲಕ್ಟೋಸನ್ನೇ ಎಂದು ನಿಶ್ಚಯವಾಯಿತು.

ಆ ಕೋಶಗಳ ಮೇಲೆ ಗ್ಯಾಲಕ್ಟೋಸ್ ಹಿಡಿಯುವ ಒಂದು ಗ್ರಾಹಿ ಇದೆ. ಗ್ರಾಹಿ ಎಂದರೆ ಕೋಶದ ಬಾಗಿಲಲ್ಲಿ ಕುಳಿತು, ಗೊತ್ತಾದ ಗುರುತಿನವರನ್ನು ಮಾತ್ರ ಒಳಗೆ ಬಿಡುವ ಪ್ರೋಟೀನು. 1974ರ ಹೊತ್ತಿಗೆ ಮೊಲದ ಪಿತ್ತಜನಕಾಂಗದಿಂದ ಅದನ್ನು ಬೇರ್ಪಡಿಸಿ ತೆಗೆದರು. ಬಳಸಿದ ಉಪಾಯ ನಮ್ಮ ರೈತರಿಗೆ ಹೊಸದಲ್ಲ: ಎರೆ ಕಟ್ಟಿ ಮೀನು ಹಿಡಿದಂತೆ, ಗ್ಯಾಲಕ್ಟೋಸ್ ಬಯಲಾದ ಪ್ರೋಟೀನನ್ನು ಸಣ್ಣ ಮಣಿಗಳಿಗೆ ಅಂಟಿಸಿ, ಕೊಳವೆಯಲ್ಲಿ ತುಂಬಿ, ಕೋಶದ ರಸವನ್ನು ಅದರ ಮೂಲಕ ಹಾಯಿಸಿದರು. ಗ್ರಾಹಿ ಮಾತ್ರ ಕಚ್ಚಿಕೊಂಡಿತು, ಮಿಕ್ಕದ್ದು ಹರಿದುಹೋಯಿತು. ಕಚ್ಚಿಕೊಳ್ಳಲು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಬೇಕೇ ಬೇಕು ಎಂಬುದೂ ತಿಳಿಯಿತು. ಹೀಗೆ ಶುದ್ಧವಾಗಿ ಸಿಕ್ಕ ಗ್ರಾಹಿಯನ್ನು ಕೆಂಪು ರಕ್ತಕಣಗಳಿಗೆ ಬೆರೆಸಿದಾಗ, ಕಾಳಿನ ತಿಳಿ ಮಾಡಿದ ಹಾಗೆಯೇ ಅದೂ ಗಂಟು ಮಾಡಿತು! ಪ್ರಾಣಿಯ ಮೈಯಲ್ಲಿ ಸಿಕ್ಕ ಮೊದಮೊದಲ ಲೆಕ್ಟಿನ್ ಇದು. ಮುಪ್ಪಾದ ರಕ್ತದ ಪ್ಲೇಟ್‌ಲೆಟ್ ಕಣಗಳು ತಮ್ಮ ಸಯಾಲಿಕ್ ಮುಚ್ಚಳ ಕಳಚಿಕೊಂಡಾಗ ಅವುಗಳನ್ನು ಗುರುತಿಸಿ ತೆಗೆಯುವುದೂ, ಹೊಸವನ್ನು ತಯಾರಿಸಲು ಮೂಳೆಯ ಮಜ್ಜೆಗೆ ಸುದ್ದಿ ಹೋಗುವಂತೆ ಮಾಡುವುದೂ ಈ ಗ್ರಾಹಿಯೇ ಎಂದು 2015ರಲ್ಲಿ ಪ್ರಕಟವಾಯಿತು.

ಇನ್ನೂ ಸೋಜಿಗದ ಸಂಗತಿ ಇದು. ಈ ಗ್ರಾಹಿ ಗ್ಯಾಲಕ್ಟೋಸಿಗಿಂತ ಬಿಗಿಯಾಗಿ ಹಿಡಿಯುವ ಸಕ್ಕರೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್, ನಮ್ಮ ಹುರುಳಿ ಗುರುತಿಸುವ ಅದೇ ಮಣಿ. ಔಷಧ ತಯಾರಿಸುವವರು ಇದನ್ನು ವಿಳಾಸದ ಚೀಟಿಯಾಗಿ ಬಳಸತೊಡಗಿದ್ದಾರೆ. ಔಷಧದ ಕಣಕ್ಕೆ ಈ ಸಕ್ಕರೆಯ ಮೂರು ಮಣಿ ಕಟ್ಟಿ ಚರ್ಮದ ಕೆಳಗೆ ಚುಚ್ಚಿದರೆ ಅದು ನೇರ ಪಿತ್ತಜನಕಾಂಗದ ಕೋಶವನ್ನು ಸೇರುತ್ತದೆ. ಪೋರ್ಫೀರಿಯಾ ಎಂಬ ಅಪರೂಪದ ರೋಗಕ್ಕೆ ಗಿವೋಸಿರಾನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ದೊರೆಯಿತು. ಕೊಲೆಸ್ಟರಾಲ್ ಇಳಿಸುವ ಇನ್‌ಕ್ಲಿಸಿರಾನ್‌ಗೆ ಯೂರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು; ಮೊದಲ ಎರಡು ಚುಚ್ಚುಮದ್ದಿನ ಬಳಿಕ ಆರು ತಿಂಗಳಿಗೊಮ್ಮೆ ತೆಗೆದುಕೊಂಡರೆ ಸಾಕು. ಮೊಲದ ರಕ್ತದಿಂದ ತಾಮ್ರದ ಪ್ರೋಟೀನು ಏಕೆ ಮಾಯವಾಯಿತು ಎಂದು ಇಬ್ಬರು ತಲೆಕೆಡಿಸಿಕೊಂಡು 50 ವರ್ಷದ ಮೇಲೆ ಅದು ರೋಗಿಯ ತೋಳಿಗೆ ತಲುಪಿತು. 'ಇಂಥ ಸಂಶೋಧನೆಯಿಂದ ನಮಗೇನು ಬಂತು ಫಾದರ್' ಎಂದು ಕೇಳುವ ಯುವಕರು ಈ ಲೆಕ್ಕವನ್ನು ನೆನಪಿಡಲಿ.

ಆದರೆ ಸಕ್ಕರೆಯ ಹೆಸರು ಹೇಳಿ ಮಾರುವುದೆಲ್ಲ ಮದ್ದಲ್ಲ. ಮೂತ್ರದ ಸೋಂಕು ತರುವ ಬ್ಯಾಕ್ಟೀರಿಯಾಗಳು ಮೂತ್ರಕೋಶದ ಗೋಡೆಯ ಮ್ಯಾನೋಸ್ ಸಕ್ಕರೆಯನ್ನು ಹಿಡಿದು ಅಂಟಿಕೊಳ್ಳುತ್ತವೆ ಎಂಬುದು ನಿಜ. ಹಾಗಾದರೆ ಮ್ಯಾನೋಸ್ ಪುಡಿ ಕುಡಿದರೆ ಅವುಗಳ ಕೈ ತುಂಬಿ, ಸೋಂಕು ತಪ್ಪಬಹುದು ಎಂಬ ತರ್ಕದಿಂದ ಅದನ್ನು ಮಾರುತ್ತಾರೆ. ಬ್ರಿಟನ್ನಿನಲ್ಲಿ ಪದೇಪದೇ ಸೋಂಕಾಗುವ 598 ಮಹಿಳೆಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಹೊಲದಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳು ಮರೆಯಿಲ್ಲವೆಂದು ದಿನವಿಡೀ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಇರುತ್ತಾರೆ. ಪುಡಿಗಿಂತ ಮೊದಲು ಅವರಿಗೆ ಬೇಕಾದದ್ದು ನೀರಿನ ಬಿಂದಿಗೆ, ಒಂದು ಮರೆ.

ಈಗ ಹೊಲಕ್ಕೆ ಬರೋಣ. ಶೇಂಗಾ, ಹುರುಳಿ, ಅಲಸಂದೆ, ತೊಗರಿ ಬೇರುಗಳಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುವ ರೈಜೋಬಿಯಂ ಜೀವಾಣುಗಳ ವಿಷಯ ಈ ಪುಟದ ಓದುಗರಿಗೆ ತಿಳಿದದ್ದೇ. ಮಣ್ಣಿನಲ್ಲಿ ಲೆಕ್ಕವಿಲ್ಲದಷ್ಟು ಜೀವಾಣುಗಳಿರುವಾಗ ಬೇರು ತನಗೆ ಬೇಕಾದವನನ್ನೇ ಹೇಗೆ ಒಳಗೆ ಕರೆಯುತ್ತದೆ? ಕಾಳಿನ ಲೆಕ್ಟಿನ್‌ಗಳೇ ಈ ಕೆಲಸ ಮಾಡುತ್ತವೆ ಎಂದು 1970ರ ದಶಕದಲ್ಲಿ ಬಲವಾದ ನಂಬಿಕೆ ಇತ್ತು. ಅದು ಪೂರ್ತಿ ಸರಿಯಲ್ಲವೆಂದು ಮುಂದೆ ತಿಳಿಯಿತು. 1990ರಲ್ಲಿ ಫ್ರಾನ್ಸಿನ ತುಲೂಸ್ ನಗರದ ವಿಜ್ಞಾನಿಗಳು ಜೀವಾಣು ಬೇರಿಗೆ ಕಳಿಸುವ ಓಲೆಯನ್ನು ಬಿಡಿಸಿದರು: ನಾಲ್ಕೈದು ಸಕ್ಕರೆ ಮಣಿಗಳ ಸಣ್ಣ ಸರ, ಅದಕ್ಕೊಂದು ಕೊಬ್ಬಿನ ಬಾಲ. ಸರಕ್ಕೆ ಅಂಟಿದ ಸಣ್ಣಪುಟ್ಟ ಕುಚ್ಚುಗಳು ಒಂದೊಂದು ಬಗೆಯ ಜೀವಾಣುವಿಗೆ ಒಂದೊಂದು ತರಹ. ಆ ಓಲೆಯನ್ನು ಓದುವ ಬೇರಿನ ಎರಡು ಗ್ರಾಹಿಗಳನ್ನು ಡೆನ್ಮಾರ್ಕಿನ ಯೆನ್ಸ್ ಸ್ಟೌಗಾರ್ಡ್ ಮತ್ತು ಸಂಗಡಿಗರು ಲೋಟಸ್ ಎಂಬ ಪುಟ್ಟ ದ್ವಿದಳ ಗಿಡದಲ್ಲಿ 2003ರಲ್ಲಿ ಗುರುತಿಸಿದರು. (ತಾವರೆಗೂ ಇದಕ್ಕೂ ಸಂಬಂಧವಿಲ್ಲ.) ಆಮೇಲೆ ಆ ಎರಡು ಗ್ರಾಹಿಗಳ ವಂಶವಾಹಿಯನ್ನು ಬೇರೊಂದು ದ್ವಿದಳ ಗಿಡಕ್ಕೆ ಸೇರಿಸಿದರು. ಆ ಗಿಡ ಅಂದಿನವರೆಗೆ ತಿರುಗಿಯೂ ನೋಡದ ಲೋಟಸ್‌ನ ಜೀವಾಣುವಿಗೆ ಓಗೊಟ್ಟು ಗಂಟು ಕಟ್ಟಿತು. ಓಲೆಯನ್ನು ಓದುವವರು ಈ ಗ್ರಾಹಿಗಳೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಬೂಷ್ಟಿನ ಗೋಡೆಯಲ್ಲೂ ಇದೇ ಜಾತಿಯ ಸಕ್ಕರೆ ಸರ ಇದೆ, ಕೈಟಿನ್ ಎಂದು ಅದರ ಹೆಸರು. ಭತ್ತದ ಕೋಶದ ಮೇಲೆ ಕೈಟಿನ್ ಹಿಡಿಯುವ ಗ್ರಾಹಿಯನ್ನು ಜಪಾನಿನವರು 2006ರಲ್ಲಿ ಕಂಡರು. ಅದು ಮುಟ್ಟಿದೊಡನೆ ಗಿಡ ರೋಗ ಬಂತೆಂದು ತಿಳಿದು ಕಾವಲಿಗೆ ನಿಲ್ಲುತ್ತದೆ. ಹೀಗೆ ಹೆಚ್ಚುಕಡಿಮೆ ಒಂದೇ ತರಹದ ಸಕ್ಕರೆಯಿಂದ ಗಿಡ ಒಬ್ಬನನ್ನು ನೆಂಟನೆಂದೂ ಇನ್ನೊಬ್ಬನನ್ನು ಕಳ್ಳನೆಂದೂ ತಿಳಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ವಿದ್ಯೆಯಲ್ಲಿ ಮಾಡಿದ ಕೆಲಸ ಜಗತ್ತಿನಲ್ಲೇ ಹೆಸರಾದದ್ದು. ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಸಂಗಡಿಗರು ಶೇಂಗಾ ಲೆಕ್ಟಿನ್‌ನ ಆಕಾರವನ್ನು 1994ರಲ್ಲಿ, ಹಲಸಿನ ಬೀಜದ ಜಾಕಲಿನ್ ಎಂಬ ಲೆಕ್ಟಿನ್‌ನ ಆಕಾರವನ್ನು 1996ರಲ್ಲಿ ಕ್ಷ-ಕಿರಣದಿಂದ ಬಿಡಿಸಿದರು. ಜಾಕಲಿನ್ ಸಕ್ಕರೆಯನ್ನು ಹಿಡಿಯುವ ಬಗೆ ಅಲ್ಲಿಯವರೆಗೆ ಯಾವ ಕಾಳಿನಲ್ಲೂ ಕಾಣದ್ದಾಗಿತ್ತು. ಶೇಂಗಾದ ಲೆಕ್ಟಿನ್ ರಕ್ತಕಣಗಳ ಮೇಲೆ ಮುಚ್ಚಿಹೋಗಿರುವ ಒಂದು ಸಕ್ಕರೆಯನ್ನು ಗುರುತಿಸುತ್ತದೆ ಎಂದು 1964ರಲ್ಲಿ ಕಂಡವರು ಹುರುಳಿಯ ಅದೇ ಬರ್ಡ್. ನಮ್ಮ ಒಣಭೂಮಿಯ ಎರಡೂ ಬೆಳೆಗಳು ಅವರೊಬ್ಬರ ಕೈಯಲ್ಲೇ ವಿಜ್ಞಾನಕ್ಕೆ ಸೇರಿದವು.

ಬಿತ್ತನೆ ಹತ್ತಿರವಿದೆ, ಆದ್ದರಿಂದ ಕೆಲಸಕ್ಕೆ ಬರುವ ಮಾತು. ಓಲೆ ಮತ್ತು ಗ್ರಾಹಿ ಹೊಂದಬೇಕಾದ್ದರಿಂದ ಎಲ್ಲ ಬೆಳೆಗೂ ಒಂದೇ ರೈಜೋಬಿಯಂ ಪೊಟ್ಟಣ ಆಗುವುದಿಲ್ಲ. ಶೇಂಗಾ, ಹುರುಳಿ, ಅಲಸಂದೆ, ಹೆಸರು ಇವೆಲ್ಲ ಹೆಚ್ಚುಕಡಿಮೆ ಒಂದೇ ಬಳಗದ ಜೀವಾಣುಗಳನ್ನು ಒಪ್ಪುತ್ತವೆ. ಕಡಲೆಗೆ ಅದರದೇ ಬೇರೆ, ಸೋಯಾಕ್ಕೆ ಅದರದೇ ಬೇರೆ. ಪೊಟ್ಟಣದ ಮೇಲೆ ಬೆಳೆಯ ಹೆಸರು, ಮುಗಿಯುವ ತಾರೀಖು ಓದಿ ಕೊಳ್ಳಿ. ಓದಲು ಬಾರದವರು ಮಕ್ಕಳಿಂದ ಓದಿಸಿ. ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿದ ಮೇಲೆ ಅದರಲ್ಲಿ ಕಲಸಿ, ಬೀಜಕ್ಕೆ ಮೆತ್ತಗೆ ಸವರಿ, ಶೇಂಗಾದ ತೆಳು ಸಿಪ್ಪೆ ಕೀಳದಂತೆ ನೆರಳಲ್ಲಿ ಆರಿಸಿ, ಅಂದೇ ಬಿತ್ತಬೇಕು. ಬಿಸಿಲು ಅದಕ್ಕೆ ಆಗದು. ಬೀಜಕ್ಕೆ ಶಿಲೀಂಧ್ರನಾಶಕ ಹಾಕುವುದಿದ್ದರೆ ಅದನ್ನು ಮೊದಲು ಮುಗಿಸಿ, ರೈಜೋಬಿಯಂ ಕೊನೆಗೆ ಸವರಿ. ಎರಡನ್ನೂ ಒಂದೇ ಬಟ್ಟಲಲ್ಲಿ ಕಲಸಿದರೆ ದುಡ್ಡು ನೀರುಪಾಲು. ಬಿತ್ತಿ ನಲವತ್ತು ದಿನ ಕಳೆದ ಮೇಲೆ ನಾಲ್ಕು ಕಡೆ ಗಿಡವನ್ನು ಮಣ್ಣುಸಮೇತ ಅಗೆದು ತೆಗೆಯಿರಿ, ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತದೆ. ನೀರಲ್ಲಿ ತೊಳೆದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪಾಗಿದ್ದರೆ ಕೆಲಸ ನಡೆಯುತ್ತಿದೆ, ಯೂರಿಯಾ ಚೀಲ ಹೊರಬೇಕಿಲ್ಲ. ಬೆಳ್ಳಗೆ ಇಲ್ಲವೆ ಹಸಿರಾಗಿದ್ದರೆ, ಗಂಟೇ ಇಲ್ಲದಿದ್ದರೆ, ಆ ಗಿಡವನ್ನು ಬೇರುಸಮೇತ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಕೃಷಿ ಅಧಿಕಾರಿಗಳ ಬಳಿಗೆ ಹೋಗಿ ತೋರಿಸಿ.